ಎರೆಮಣ್ಣು ದಾಟಿ ನಿಲ್ಲುತ್ತಿದ್ದ ಜೀಪು

ಹಾವೇರಿಯಲ್ಲಿ ದನದ ಡಾಕ್ಟರಾಗಿ ಕೆಲಸ ಶುರು ಮಾಡಿದ ಮೊದಲ ಆರು ವರ್ಷ ನಾನು ಹಳ್ಳಿಗಳಿಗೆ ಸ್ಕೂಟರಿನ ಮೇಲೆಯೇ ಹೋಗುತ್ತಿದ್ದೆ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಮಳೆ ಬಿದ್ದ ಮೇಲೆ ಗುತ್ತಲದ ಕಡೆಯ ಎರೆಹೊಲಗಳ ದಾರಿಗೆ ಇಳಿದರೆ ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಕಚ್ಚಿಕೊಂಡು ಸ್ಕೂಟರು ನಿಂತೇಬಿಡುತ್ತಿತ್ತು. ಅದನ್ನು ಯಾವುದೋ ಬೇವಿನ ಮರದ ಕೆಳಗೆ ಬಿಟ್ಟು, ಔಷಧದ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ದಿನಗಳು ಲೆಕ್ಕಕ್ಕಿಲ್ಲ.

ಹಾಗಾಗಿ, ಪುಣೆಯ ಕಡೆಯ ಒಂದು ಹೊಸ ಕಂಪನಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಚಿಕ್ಕ ಜೀಪೊಂದನ್ನು ಮಾಡಿದೆ ಎಂದು ಪತ್ರಿಕೆಯಲ್ಲಿ ಓದಿದಾಗ ಆ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡೆ. ದೊಡ್ಡ ಕಾರ್ಖಾನೆಗಳ ನೌಕರಿ ಬಿಟ್ಟ ಕೆಲವು ಇಂಜಿನಿಯರುಗಳು ಸೇರಿ ಕಟ್ಟಿದ ಕಂಪನಿಯಂತೆ. ಕಲ್ಲು, ಮರಳು, ಹಳ್ಳ ಯಾವುದಕ್ಕೂ ಈ ಗಾಡಿ ಅಂಜುವುದಿಲ್ಲ ಎಂದು ಬರೆದಿದ್ದರು. ರಾಣೆಬೆನ್ನೂರಿನ ಹೆದ್ದಾರಿಯ ಮೇಲಿದ್ದ ಅವರ ಏಜೆಂಟನ ಅಂಗಡಿಯಲ್ಲಿ ಒಂದೇ ಒಂದು ಗಾಡಿ ನಿಂತಿತ್ತು, ಹಸಿರು ಬಣ್ಣದ್ದು. ಅದರ ಸ್ಟೇರಿಂಗ್ ಹಿಡಿದು ಕುಳಿತಾಗಲೇ ಮನಸ್ಸು ಮಾಡಿಬಿಟ್ಟೆ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಯಜಮಾನರು ಮೆತ್ತಗೆ ಹೇಳಿದರು: "ಹೊಸಾ ಕಂಪನಿ ಅದ. ಒಂದೆರಡ ವರ್ಷ ಮಂದಿ ಓಡಿಸಲಿ, ಆಮ್ಯಾಲ ನೋಡೋಣು."

ನನ್ನ ಸ್ಕೂಟರು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಅಷ್ಟು ಮೆತ್ತಗೆ ಹೇಳಲಿಲ್ಲ. "ಅಕ್ಕಾರ, ಹಳೇ ಜೀಪ ತಗೋರಿ. ಅದರ ಸಾಮಾನ ಪಾನ್ ಅಂಗಡ್ಯಾಗೂ ಸಿಗತಾವ. ಇದು ಎಲ್ಲ್ಯರ ನಿಂತರ ನಾ ಏನ ಹಾಕಲಿ?"

ನಾನು ಇಬ್ಬರ ಮಾತನ್ನೂ ಕೇಳಲಿಲ್ಲ.

ಮೊದಲ ತಿಂಗಳು ಹಬ್ಬದಂತೆ ಹೋಯಿತು. ಹೆಂಗಸೊಬ್ಬಳು ಜೀಪು ಹೊಡೆಯುವುದನ್ನು ನೋಡಲು ಹಳ್ಳಿಯ ಕಟ್ಟೆಯ ಮೇಲಿನವರು ಎದ್ದು ನಿಲ್ಲುತ್ತಿದ್ದರು. ಎರಡನೆಯ ತಿಂಗಳಿಂದ ಒಂದೊಂದೇ ಬೇನೆ ಶುರುವಾಯಿತು. ಎಡಗಡೆಯ ಬಾಗಿಲಿನ ಹಿಡಿಕೆ ಕೈಯಲ್ಲೇ ಉಳಿಯಿತು. ಮಳೆ ಬಂದರೆ ನೀರು ನೇರವಾಗಿ ನನ್ನ ಮೊಣಕಾಲಿನ ಮೇಲೆ ಸೋರುತ್ತಿತ್ತು. ಒಂದು ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರ, ಚೀಲ ಹೇರಿದ ಎತ್ತಿನ ಚಕ್ಕಡಿ ಮತ್ತು ಲಾರಿಗಳ ನಡುವೆ, ಬಲಕ್ಕೆ ತಿರುಗಿಸಿದಾಗ ಹಾರನ್ ಹೊಡೆದುಕೊಳ್ಳಲು ಶುರುವಾಗಿ ನಿಲ್ಲಲೇ ಇಲ್ಲ. ಹಮಾಲರು ಸೀನುತ್ತಾ, ನಗುತ್ತಾ ದಾರಿ ಬಿಟ್ಟರು. ಮುದುಕರೊಬ್ಬರು ಕಿವಿ ಮುಚ್ಚಿಕೊಂಡು, "ತಂಗೀ, ಹಾದಿ ಬಿಟ್ಟೇವಿ ನೋಡವಾ, ಇನ್ನರ ಸಾಕ ಮಾಡು" ಎಂದರು. ಕೊನೆಗೆ ನಾನೇ ಇಳಿದು ಹಾರನ್ನಿನ ವೈರು ಕಿತ್ತೆ.

ಇವೆಲ್ಲ ನಗಬಹುದಾದ ಬೇನೆಗಳು. ನಗಲಾರದ್ದು ಒಂದಿತ್ತು. ಗಾಡಿ ಓಡುತ್ತಾ ಓಡುತ್ತಾ, ಯಾವ ಕಾರಣವೂ ಕಾಣದೆ, ಉಸಿರು ಕಟ್ಟಿದಂತೆ ಕೆಮ್ಮಿ ನಿಂತುಬಿಡುತ್ತಿತ್ತು. ಅದೂ ಕೆಸರಿನಲ್ಲಲ್ಲ, ಕೆಸರು ದಾಟಿ ಡಾಂಬರು ರಸ್ತೆಗೆ ಬಂದ ಮೇಲೆ. ಅರ್ಧ ತಾಸು ಕಾದರೆ ತಾನಾಗಿಯೇ ಚಾಲೂ ಆಗುತ್ತಿತ್ತು. ಮಿಸ್ತ್ರಿ ಡೀಸೆಲ್ ಫಿಲ್ಟರು ಬದಲಿಸಿದ, ಪೈಪಿನೊಳಗಿನ ಗಾಳಿ ತೆಗೆದ, ತಲೆ ಕೆರೆದುಕೊಂಡ. ರಾಣೆಬೆನ್ನೂರಿನ ಏಜೆಂಟನ ವರ್ಕ್‌ಶಾಪಿಗೆ ನಾಲ್ಕು ಸಲ ಒಯ್ದೆ. ಒಂದೊಂದು ಸಲ ಎರಡೆರಡು ದಿನ ಇಟ್ಟುಕೊಂಡು, ಹೆದ್ದಾರಿಯಲ್ಲಿ ಓಡಿಸಿ ನೋಡಿ, "ಏನೂ ತ್ರಾಸ ಇಲ್ರಿ ಮೇಡಂ, ಬಂಗಾರದಂಗ ಐತಿ" ಎಂದು ಮರಳಿಸುತ್ತಿದ್ದರು. ಕಂಪನಿಗೆ ಪತ್ರ ಬರೆದೆ. ಅಚ್ಚುಕಟ್ಟಾಗಿ ಟೈಪು ಮಾಡಿದ ಉತ್ತರ ಬಂತು: ಚಾಲಕರಿಗೆ ಇಂಥ ವಾಹನದ ಅಭ್ಯಾಸ ಇಲ್ಲದಿರಬಹುದು, ದಯವಿಟ್ಟು ಸೂಚನಾ ಪುಸ್ತಕ ಓದಿರಿ.

ಆ ಪತ್ರವನ್ನು ನಾನು ಯಜಮಾನರಿಗೂ ತೋರಿಸಲಿಲ್ಲ. ಯಾರಾದರೂ ದಾರಿಯಲ್ಲಿ ಸಿಕ್ಕು, "ಹೆಂಗೈತ್ರಿ ಹೊಸಾ ಗಾಡಿ?" ಎಂದು ಕೇಳಿದರೆ "ಭಾರೀ ಐತ್ರಿ" ಎನ್ನುತ್ತಿದ್ದೆ. ಎಲ್ಲರ ಮಾತು ಮೀರಿ ತಂದವಳು ಬೇರೇನು ಹೇಳಲಿ?

ಅದು ಶ್ರಾವಣದ ಒಂದು ಬೆಳಿಗ್ಗೆ. ಹೊಸರಿತ್ತಿಯ ಹತ್ತಿರದ ಹೊಲವೊಂದರಲ್ಲಿ ಎತ್ತಿಗೆ ಔಷಧ ಕೊಟ್ಟು, ಕೆಸರು ತುಳಿದುಕೊಂಡು ರಸ್ತೆಗೆ ಬಂದಿದ್ದೆ. ಆಗ ಮೊಬೈಲಿಗೆ ಕರೆ ಬಂತು. ಗುತ್ತಲದಿಂದ ಆಚೆ, ಹೊಳೆಯ ಕಡೆಗಿರುವ ಒಂದು ಹಳ್ಳಿಯಿಂದ, ನನಗೆ ಚೆನ್ನಾಗಿ ಗೊತ್ತಿದ್ದ ಒಬ್ಬ ಅಜ್ಜಿ. ಮೂರು ಎಮ್ಮೆ ಕಟ್ಟಿಕೊಂಡು ಗುತ್ತಲದ ಚಹಾದಂಗಡಿಗಳಿಗೆ ಹಾಲು ಹಾಕುತ್ತಿದ್ದವಳು, ಯಾರಿಗೂ ಸೊಪ್ಪು ಹಾಕದ ಗಟ್ಟಿ ಹೆಣ್ಣುಮಗಳು. ಪಕ್ಕದ ಮನೆಯವರ ಫೋನಿನಲ್ಲಿ ಕೂಗುತ್ತಿದ್ದಳು. "ಯವ್ವಾ, ಎಮ್ಮಿ ಈಯಾಕತ್ತೈತಿ, ನಸುಕಿನಿಂದ ತಿಣಕಾಕತ್ತೈತಿ, ಕರ ಬರವಲ್ದು. ಲಗೂ ಬಾ."

ಅವಳು ಹೇಳಿದ ಲಕ್ಷಣ ಕೇಳಿದರೆ ಗರ್ಭಚೀಲ ತಿರುಚಿಕೊಂಡಿರಬೇಕು ಎನಿಸಿತು. ಅಂಥ ಎಮ್ಮೆಯನ್ನು ಮಲಗಿಸಿ, ಹೊಟ್ಟೆಯ ಮೇಲೆ ಹಲಗೆ ಒತ್ತಿ ಹಿಡಿದು, ನಿಧಾನವಾಗಿ ಹೊರಳಿಸಬೇಕು. ಬೇಗ ಮಾಡಿದರೆ ಎರಡೂ ಜೀವ ಉಳಿಯುತ್ತವೆ. ತಡವಾದಷ್ಟೂ ಕರುವಿನ ಆಸೆ ಕಡಿಮೆ.

ಗುತ್ತಲಕ್ಕೆ ಇನ್ನೂ ದೂರವಿದೆ ಎನ್ನುವಾಗ ಗಾಡಿ ಕೆಮ್ಮಿ ನಿಂತಿತು.

ನಾನು ಇಳಿದು ಬಾನೆಟ್ ಎತ್ತಿ ಸುಮ್ಮನೆ ನೋಡುತ್ತಾ ನಿಂತೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಹಿಂದಿನಿಂದ ಬಸ್ಸು ಬಂತು. ಗುತ್ತಲದ ಮೇಲೆ ಆ ಅಜ್ಜಿಯ ಹಳ್ಳಿಗೇ ಹೋಗುವ ಬಸ್ಸು. ಕಂಡಕ್ಟರನಿಗೆ ನನ್ನ ಗುರುತಿತ್ತು. ಬಸ್ಸು ನಿಲ್ಲಿಸಿ ಬಾಗಿಲಲ್ಲಿ ಜೋತು, "ಡಾಕ್ಟರ್ರ, ಗಾಡಿ ಕೆಟ್ಟತೇನ್ರಿ? ಬರ್ರಿ, ಹತ್ತರಿ" ಎಂದ.

ಕಿಟಕಿಗಳಿಂದ ಇಪ್ಪತ್ತು ಮುಖಗಳು ನನ್ನ ಹಸಿರು ಗಾಡಿಯನ್ನು ನೋಡುತ್ತಿದ್ದವು.

"ಏನಿಲ್ಲ, ಎಂಜಿನ್ ಸ್ವಲ್ಪ ಕಾದೈತಿ. ಈಗ ಚಾಲೂ ಆಗತೈತಿ. ನೀವ ನಡೀರಿ," ಎಂದೆ.

ಬಸ್ಸು ಹೋಯಿತು. ಅರ್ಧ ತಾಸಿನಲ್ಲಿ ಏಳುತ್ತಿದ್ದ ಗಾಡಿ ಅಂದು ಒಂದು ತಾಸಾದರೂ ಏಳಲಿಲ್ಲ. ಎದ್ದಿತು, ಗುತ್ತಲ ದಾಟಿ ಮತ್ತೆ ನಿಂತಿತು. ಉಳಿದ ದಾರಿಯನ್ನು ಒಂದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಹೋದೆ. ನಾಲ್ಕು ಜನ ಸೇರಿ ಎಮ್ಮೆಯನ್ನು ಹೊರಳಿಸಿದೆವು. ಎರಡನೆಯ ಹೊರಳಿಗೆ ತಿರುಚು ಬಿಟ್ಟಿತು. ಕೈ ಹಾಕಿ ಕರುವನ್ನು ಹೊರಗೆ ತೆಗೆದೆ. ಹೆಣ್ಣುಗರು, ತುಂಬಾ ಚಂದದ್ದು, ಹಣೆಯ ಮೇಲೆ ಬಿಳಿ ಚುಕ್ಕೆ. ಉಸಿರಿರಲಿಲ್ಲ. ಮೂಗಿನಲ್ಲಿ ಹುಲ್ಲುಕಡ್ಡಿ ಆಡಿಸಿದೆ, ಎದೆ ತಿಕ್ಕಿದೆ, ಹಿಂಗಾಲು ಹಿಡಿದು ಎತ್ತಿಸಿದೆ. ಏನೂ ಆಗಲಿಲ್ಲ. ಎಮ್ಮೆ ಮಾತ್ರ ಉಳಿಯಿತು. ಅದು ತಲೆ ತಿರುಗಿಸಿ ಕರುವನ್ನು ನೆಕ್ಕುತ್ತಲೇ ಇತ್ತು.

ಅಜ್ಜಿ ಒಲೆಯ ಕಡೆ ಹೋದಳು. ಕೈ ತೊಳೆಯಲು ಬಿಸಿನೀರು ತಂದುಕೊಟ್ಟಳು, ಅಷ್ಟೆ.

"ಗಾಡಿ ಕೆಟ್ಟ ನಿಂತಿತಬೇ," ಎಂದೆ.

ಅವಳು ಹೂಂ ಎಂದಳು. ಬಸ್ಸಿನ ಮಾತನ್ನು ನಾನು ಎತ್ತಲಿಲ್ಲ.

ಮನೆಗೆ ಬಂದು ಕಂಪನಿಗೆ ಎರಡನೆಯ ಪತ್ರ ಬರೆದೆ. ಕೈಬರಹದಲ್ಲಿ, ಮೂರು ಪುಟ. ಬಾಗಿಲ ಹಿಡಿಕೆ, ಹಾರನ್ನು ಏನನ್ನೂ ಬರೆಯಲಿಲ್ಲ. ಆ ದಿನ ನಡೆದದ್ದನ್ನು ಮಾತ್ರ ಬರೆದೆ. ಅದರಲ್ಲೂ ಬಸ್ಸು ಇರಲಿಲ್ಲ.

ಎರಡು ವಾರದ ಮೇಲೆ ಹಾವೇರಿ ಸ್ಟೇಷನ್ನಿನಿಂದ ಒಂದು ಫೋನು. ಕಂಪನಿ ಕಟ್ಟಿದ ಇಂಜಿನಿಯರುಗಳಲ್ಲಿ ಎಲ್ಲರಿಗಿಂತ ಹಿರಿಯರು ತಾವೇ ರೈಲಿನಲ್ಲಿ ಬಂದಿಳಿದಿದ್ದರು. ಐವತ್ತು ದಾಟಿದವರು, ಬಿಳಿ ಅಂಗಿ, ಕೈಯಲ್ಲಿ ಒಂದು ಚಿಕ್ಕ ಚೀಲ. ಬೆಳಗಾವಿ ಕಡೆಯವರಾದ್ದರಿಂದ ಕನ್ನಡ ಮಾತಾಡುತ್ತಿದ್ದರು. ನನ್ನ ಮನೆಯ ಅಂಗಳದಲ್ಲಿ ತೊಳೆದು ನಿಲ್ಲಿಸಿದ್ದ ಗಾಡಿಯನ್ನು ಸುತ್ತಿ ನೋಡಿ, "ಚಂದ ಇಟ್ಟೀರಿ" ಎಂದರು. ಆಮೇಲೆ, "ಆವತ್ತ ಹೋದ ಹಾದಿಗೇ ಹೋಗೋಣ್ರಿ. ಅದೇ ಹೊಲ, ಅದೇ ಕೆಸರ" ಎಂದರು.

ಹೊಸರಿತ್ತಿಯ ಆ ಹೊಲದ ದಾರಿಗೆ ಇಳಿದೆವು. ಹಿಂದಿನ ಸಂಜೆ ಮಳೆಯಾಗಿತ್ತು. ಗಾಡಿ ಎರೆಮಣ್ಣನ್ನು ಉಗುಳುತ್ತಾ, ಜಾರುತ್ತಾ, ಆದರೂ ನಿಲ್ಲದೆ ದಾಟಿತು. ಅದನ್ನು ನೋಡಿ ಅವರ ಮುಖ ಅರಳಿತು. ಡಾಂಬರು ರಸ್ತೆಗೆ ಬಂದು ಗುತ್ತಲದ ಕಡೆ ತಿರುಗಿದೆವು. ಸ್ವಲ್ಪ ದೂರ ಹೋದ ಮೇಲೆ ಅದೇ ಕೆಮ್ಮು. ನಿಂತಿತು.

ಅವರು ಬಾನೆಟ್ ತೆಗೆಯಲಿಲ್ಲ. ಐದು ನಿಮಿಷ ಕಣ್ಣು ಮುಚ್ಚಿ ಸೀಟಿನಲ್ಲೇ ಕುಳಿತರು. ಆಮೇಲೆ ಇಳಿದು ಹಿಂದೆ ಹೋಗಿ ಡೀಸೆಲ್ ಟಾಕಿಯ ಮುಚ್ಚಳ ತಿರುಗಿಸಿದರು. ಉಸ್ಸೆಂದು ಒಂದು ದೀರ್ಘ ಸದ್ದು ಬಂತು. ಗಾಳಿ ಒಳಗೆ ನುಗ್ಗಿದ ಸದ್ದು.

"ಈಗ ಚಾಲೂ ಮಾಡ್ರಿ."

ಕೀಲಿಯ ಮೊದಲ ತಿರುವಿಗೇ ಎಂಜಿನ್ ಎದ್ದಿತು.

ಅವರು ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ತೂರಿದರು. ಹಿಂಚಕ್ರದ ಬೆನ್ನಿಗೆ ಸಣ್ಣದೊಂದು ಪೈಪಿನ ತುದಿ ಇತ್ತು. ಡೀಸೆಲ್ ಖರ್ಚಾದಂತೆ ಟಾಕಿಯೊಳಕ್ಕೆ ಗಾಳಿ ಹೋಗಬೇಕಾದ ದಾರಿ ಅದು. ಚಕ್ರ ಎರಚಿದ ಎರೆಮಣ್ಣು ಅದರ ಬಾಯಿಗೆ ಬಿರಡೆಯಂತೆ ಕೂತಿತ್ತು. ಒಳಗೆ ಗಾಳಿಯಿಲ್ಲದೆ ಡೀಸೆಲ್ ಮುಂದಕ್ಕೆ ಬರುತ್ತಿರಲಿಲ್ಲ. ಕಾಯುತ್ತಾ ನಿಂತರೆ ಹೇಗೋ ಒಂದಿಷ್ಟು ಗಾಳಿ ಒಳಗೆ ಸೋರಿ ಮತ್ತೆ ಏಳುತ್ತಿತ್ತು.

ರಸ್ತೆಯ ಬದಿಗೇ ಕುಳಿತು ಅವರು ಕೇಳಿದರು: "ಮೇಡಂ, ವರ್ಕ್‌ಶಾಪಿಗೆ ಒಯ್ಯೂ ಮುಂಚೆ ಗಾಡಿ ತೊಳೀತಿದ್ರೇನು?"

"ಹೌದ್ರಿ. ಪ್ರತಿ ಸಲ. ಹೊಲಸು ಗಾಡಿ ಹೆಂಗ ಒಯ್ಯೂದು?"

ಮಿಸ್ತ್ರಿಯ ಮುಂದೂ ನಾನು ಅದನ್ನು ಕೆಸರಿನಲ್ಲಿ ನಿಲ್ಲಿಸಿದ್ದಿಲ್ಲ. ಬೋರಿನ ನೀರು ಜೋರಾಗಿ ಬಿಟ್ಟು ತೊಳೆದಾಗ ಆ ಪೈಪಿನ ಬಾಯಿಯೂ ತೊಳೆದುಹೋಗುತ್ತಿತ್ತು.

"ನೀವು ತೊಳದ್ರಿ. ನಾವು ತೊಳದದ್ದನ್ನ ನೋಡಿ ಬಂಗಾರ ಅಂದ್ವಿ," ಎಂದರು. ಅಂಗೈಯ ಮಣ್ಣು ಒರೆಸಿಕೊಳ್ಳುತ್ತಾ, "ವಿಜಾಪುರದ ಕಡಿಂದೂ ಇಂಥಾವ ಎರಡ ಪತ್ರ ಬಂದಿದ್ದವು. ಅವೂ ಎರಿ ಭೂಮಿನ. ಓಡಸಾಕ ಬರೂದಿಲ್ಲ ಅಂತ ಉತ್ತರಾ ಬರದ್ವಿ. ನಿಮಗ ಬರದದ್ದಕ್ಕೂ ಸಹಿ ನಂದ ಐತಿ" ಎಂದರು. ನನ್ನ ಮುಖ ನೋಡಲಿಲ್ಲ.

ನಾನು ಗಾಡಿ ತಿರುಗಿಸಲು ಹೋದೆ. ಅವರು ಬೇಡವೆಂದರು. "ಆ ಅಜ್ಜೀನ್ನ ಕಂಡ ಹೋಗೋಣ್ರಿ."

ಅಜ್ಜಿ ಮನೆಯ ಮುಂದೆ ಎಮ್ಮೆಗಳಿಗೆ ಹಿಂಡಿ ಕಲಸುತ್ತಿದ್ದಳು. ಇವರು ಯಾರೆಂದು ಹೇಳಿದೆ. ಅವಳು ಮಣ್ಣು ಹಿಡಿದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಗಾಡಿ ಮಾಡಿದಾವ ನೀನೇನಪಾ?"

"ಹೌದಬೇ. ತಪ್ಪ ನಂದ ಐತಿ. ಒಂದ ಪೈಪ ಎಲ್ಲಿ ಇಡಬಾರದಿತ್ತೋ ಅಲ್ಲೇ ಇಟ್ಟೆ. ಅದರಿಂದ ಇವರಿಗೆ ಬರಾಕ ತಡಾ ಆತು."

ಅವರು ಕೈ ಮುಗಿದೇ ನಿಂತಿದ್ದರು. ಅಜ್ಜಿ ಕಂಬಳಿ ಹಾಸಿ ಕೂರಿಸಿದಳು, ಒಳಗೆ ಹೋಗಿ ಚಹಾ ಮಾಡಿ ತಂದಳು. ನನ್ನ ಕೈಯಲ್ಲಿ ಬಟ್ಟಲು ಸುಡುತ್ತಿತ್ತು. ಅಷ್ಟು ದೂರದಿಂದ ಬಂದ ಮನುಷ್ಯ ತನ್ನ ಪಾಲಿನ ತಪ್ಪಿನ ಜೊತೆಗೆ ನನ್ನದನ್ನೂ ತಲೆಯ ಮೇಲೆ ಹೊತ್ತುಕೊಂಡು ಕುಳಿತಿದ್ದರು, ತಮಗೆ ಗೊತ್ತಿಲ್ಲದೆಯೇ. ಇನ್ನು ಸುಮ್ಮನಿರುವುದು ಆಗಲಿಲ್ಲ.

"ಎಲ್ಲಾ ಅವರದ ಅಲ್ಲಬೇ. ಆವತ್ತ ನಿಮ್ಮೂರ ಬಸ್ಸ ಬಂದಿತ್ತು. ನಿಲ್ಲಿಸಿ ಕರದ್ರು. ನಾ ಹತ್ತಲಿಲ್ಲ. ಮಂದಿ ನಗತಾರಂತ ಹತ್ತಲಿಲ್ಲ," ಎಂದೆ.

ಅವರು ಬಟ್ಟಲನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅಜ್ಜಿ ಎಮ್ಮೆಯ ಕಡೆಗೇ ನೋಡುತ್ತಿದ್ದಳು.

"ಗೊತ್ತೈತಿ ಯವ್ವಾ. ಕಂಡಕ್ಟರ ಆವತ್ತ ಹೇಳಿದ," ಎಂದಳು. "ಚಾ ಆರತೈತಿ, ಕುಡಿ."

ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಬಯ್ಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ ಮಾತ್ರ, ಇನ್ನೊಂದು ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ನೋಡಿ ಹೋಗು ಎಂದಳು. ನೋಡಿದೆ. ನಾಲ್ಕು ತಿಂಗಳಾಗಿತ್ತು.

ಮರುದಿನ ಅವರು ಹಾವೇರಿಯ ನಮ್ಮ ಮಿಸ್ತ್ರಿಯ ಶೆಡ್ಡಿನಲ್ಲೇ ಕುಳಿತು, ಒಂದು ರಬ್ಬರ್ ನಳಿಕೆ ಹಾಕಿಸಿ ಆ ಪೈಪಿನ ಬಾಯಿಯನ್ನು ಟಾಕಿಗಿಂತ ಮೇಲೆ, ಕೆಸರು ಮುಟ್ಟದ ಜಾಗಕ್ಕೆ ಒಯ್ದರು. ಕಲ್ಲಿನ ಮೇಲೆ, ಮರಳಿನಲ್ಲಿ, ನೀರಿನಲ್ಲಿ ಎಲ್ಲ ಓಡಿಸಿ ನೋಡಿದ್ದರಂತೆ. ಚಕ್ರಕ್ಕೆ ಅಂಟಿ ಹೀಗೆ ಹಾರುವ ಮಣ್ಣನ್ನು ನೋಡಿರಲಿಲ್ಲವಂತೆ. "ಆಫೀಸಿನ್ಯಾಗ ಕುಂತರ ಇದು ತಿಳೀತಿರಲಿಲ್ಲ ಬಿಡ್ರಿ," ಎಂದು ಮಿಸ್ತ್ರಿ ಅವರ ಮುಖಕ್ಕೇ ಹೇಳಿದ. ಅವರು ನಕ್ಕು ಹೌದೆಂದರು. ಗಾಡಿ ಕೊಂಡ ಎಲ್ಲರಿಗೂ ಹೊಸ ಪೈಪು, ಜೊತೆಗೊಂದು ಕ್ಷಮೆಯ ಪತ್ರ ಹೋಯಿತೆಂದು ಆಮೇಲೆ ರಾಣೆಬೆನ್ನೂರಿನ ಏಜೆಂಟ ಹೇಳಿದ.

ಗಾಡಿ ಆಮೇಲೆ ಹಾಗೆ ನಿಲ್ಲಲಿಲ್ಲ. ಆದರೂ ತುರ್ತು ಕರೆ ಬಂದು ದಾರಿಯಲ್ಲಿ ಏನಾದರೂ ತಡವಾದರೆ, ಮೊದಲು ಸಿಕ್ಕಿದ್ದಕ್ಕೆ ಕೈ ಮಾಡಿ ಹತ್ತಿಬಿಡುತ್ತಿದ್ದೆ. ಬಸ್ಸು, ಟೆಂಪೊ, ಒಮ್ಮೆ ಕಾಗಿನೆಲೆಯ ಹತ್ತಿರ ಉಳ್ಳಾಗಡ್ಡಿ ಹೇರಿದ ಚಕ್ಕಡಿ.

ಕಂಪನಿ ಬಹಳ ವರ್ಷ ಉಳಿಯಲಿಲ್ಲ. ದೊಡ್ಡ ಕಂಪನಿಗಳು ಅಂಥದೇ ಗಾಡಿ ತಂದ ಮೇಲೆ ಏಜೆಂಟ ಅಂಗಡಿ ಮುಚ್ಚಿ ಟ್ರ್ಯಾಕ್ಟರ್ ಮಾರಲು ಶುರು ಮಾಡಿದ. ಆ ವರ್ಷ ಆ ಹಿರಿಯ ಇಂಜಿನಿಯರಿಂದ ನನಗೊಂದು ಪತ್ರ ಬಂತು, ಈ ಸಲ ಕೈಬರಹದ್ದು. ಕಾರ್ಖಾನೆ ಮುಚ್ಚಿದ್ದಾಗಿಯೂ, ಈಗ ಒಂದು ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಪಾಠ ಹೇಳುತ್ತಿರುವುದಾಗಿಯೂ ಬರೆದಿದ್ದರು. ಬಿಡಿಭಾಗ ಇನ್ನು ಸಿಗುವುದಿಲ್ಲ, ಆದಷ್ಟು ಜೋಪಾನ ಮಾಡಿ, ಮುಂದಿನ ಆಕ್ಸಲ್ಲಿನ ಆಯಿಲನ್ನು ಮಳೆಗಾಲ ಮುಗಿದ ಕೂಡಲೇ ಒಮ್ಮೆ ನೋಡಿಸಿ ಎಂದು ಕೊನೆಯಲ್ಲಿ ಬರೆದಿದ್ದರು.

ಮರುದಿನವೇ ಮಿಸ್ತ್ರಿಯ ಶೆಡ್ಡಿಗೆ ಹೋಗಿ ತೆಗೆಸಿ ನೋಡಿದೆ. ಆಯಿಲು ಅರ್ಧಕ್ಕಿಂತ ಕೆಳಗಿತ್ತು, ನೀರು ಸೇರಿ ಹಾಲಿನಂತೆ ಬೆಳ್ಳಗಾಗಿತ್ತು. ಸಂಜೆಯವರೆಗೆ ಅಲ್ಲೇ ಕುಳಿತು ಬದಲಿಸಿಕೊಂಡು ಬಂದೆ.