ಜಿಡ್ಡಿಲ್ಲದ ಮದ್ದು

ಆಸ್ಪತ್ರೆಯ ಔಷಧಿ ವಿಭಾಗದ ಹಿಂದೆ ಒಂದು ಚಿಕ್ಕ ಕೋಣೆ. ಅದರಲ್ಲಿ ಒಂದು ಕಿಟಕಿ, ಒಂದು ತಕ್ಕಡಿ, ದಪ್ಪ ಗಾಜು ಹೊದಿಸಿದ ಮೇಜು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಮುಲಾಮು ಕಲಸುತ್ತಿದ್ದವಳನ್ನು ಎಲ್ಲರೂ ಮುಲಾಮಕ್ಕ ಎಂದೇ ಕರೆಯುತ್ತಿದ್ದರು. ಮದ್ದಿನ ಪುಡಿಯನ್ನು ಮೊದಲು ಚಿಟಿಕೆ ಜಿಡ್ಡಿನಲ್ಲಿ ಅರೆಯಬೇಕು. ಆಮೇಲೆ ಅಷ್ಟೇ ಜಿಡ್ಡು, ಮತ್ತೆ ಒಟ್ಟು ಆದದ್ದರಷ್ಟು ಸೇರಿಸುತ್ತ ಹೋಗಬೇಕು. ಅವಸರ ಮಾಡಿದರೆ ಮದ್ದೆಲ್ಲ ಒಂದೇ ಕಡೆ ಸೇರಿ, ಒಬ್ಬರ ಚರ್ಮ ಉರಿದು ಇನ್ನೊಬ್ಬರ ಪಾಲಿಗೆ ಬರೀ ಜಿಡ್ಡು ಉಳಿಯುತ್ತದೆ. ಆದ್ದರಿಂದ ಅವಳು ಕಲಸುವಾಗ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಯಾರೂ ಕೂಗಿ ಕರೆಯದ ಹೊತ್ತು ಅವಳ ದಿನದಲ್ಲಿ ಅದೊಂದೇ.

ಈಗ ಆ ಕೋಣೆಗೇ ಸಂಚಕಾರ ಬಂದಿತ್ತು.

"ಅಕ್ಕ, ಎಲ್ಲಿ, ಕೈ ತೋರ್ಸಿ," ಎಂದಳು ಮೇಲ್ವಿಚಾರಕಿ. ಅವಳು ಕೆಲಸ ಕಲಿತದ್ದು ಮುಲಾಮಕ್ಕನ ಹತ್ತಿರವೇ. ಮುಲಾಮಕ್ಕ ಕೈ ಚಾಚಿದಳು: ಬೆರಳ ಸಂದುಗಳಲ್ಲಿ ಬಿರುಕು, ಅಂಗೈಯಲ್ಲಿ ಕೆಂಪು ಗೆರೆ.

"ಗ್ಲೌಸ್ ಹಾಕ್ತೀನಲ್ಲಮ್ಮ."

"ಗ್ಲೌಸ್ ಒಳಗೇ ರಕ್ತ ಇತ್ತು. ಒಡೆದ ಕೈಲಿ ಮದ್ದು ಮುಟ್ಟಬಾರ್ದು ಅಂತ ಹೇಳ್ಕೊಟ್ಟೋರು ಯಾರು? ಮೂರು ವಾರ ಕಲಸೋದು ಬೇಡ, ನೋಡ್ತೀನಿ. ವಾಸಿಯಾಗ್ಲಿಲ್ಲ ಅಂದ್ರೆ ಖಾಯಂ ಕೌಂಟರ್‌ಗೆ ಹಾಕ್ಬೇಕಾಗತ್ತೆ. ಬೈಕೋಬೇಡಿ."

ಚರ್ಮದ ಡಾಕ್ಟರು ಬರೆದುಕೊಟ್ಟದ್ದು ಮುಲಾಮು. ಯಾಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದೇ ಮದ್ದು, ಅದೇ ತೂಕ ಕ್ರೀಮಿನಲ್ಲೂ ಸಿಗುತ್ತದೆ. ಆದರೆ ಕ್ರೀಮಿನಲ್ಲಿ ನೀರೂ ಇರುತ್ತದೆ. ಹಚ್ಚಿದೊಡನೆ ಮಾಯ, ಕೈ ತೊಳೆದೊಡನೆ ಮದ್ದೂ ಮಾಯ. ಮುಲಾಮು ಹಾಗಲ್ಲ. ಚರ್ಮದ ಮೇಲೆ ಮುಚ್ಚಳದಂತೆ ಕೂತು ಒಳಗಿನ ತೇವವನ್ನು ಹಿಡಿದಿಟ್ಟು, ಮದ್ದನ್ನು ಒಣಗಿ ಗಟ್ಟಿಯಾದ ಅಂಗೈಯೊಳಕ್ಕೂ ಇಳಿಸುತ್ತದೆ. ಒಂದೇ ಷರತ್ತು: ಕೂರಲು ಅದಕ್ಕೆ ಪುರುಸೊತ್ತು ಬೇಕು.

ಪುರುಸೊತ್ತು ಮನೆಯಲ್ಲಿ ಎಲ್ಲಿತ್ತು? ಮುಲಾಮು ಹಚ್ಚಿದ ಮೊದಲ ದಿನವೇ ಗಂಡನ ಕೈಯಿಂದ ಲೋಟ ಜಾರಿತು.

"ಏನೇ ಇದು, ನೀರಲ್ಲೂ ಆಸ್ಪತ್ರೆ ವಾಸ್ನೆ!"

"ಪಾತ್ರೆ ತೊಳ್ದಿದ್ದಾಳೋ, ಎಣ್ಣೆ ಸ್ನಾನ ಮಾಡ್ಸಿದ್ದಾಳೋ," ಎಂದರು ಅತ್ತೆ.

ಅವಳೂ ನಕ್ಕಳು. ಮರುದಿನ ಕ್ರೀಮು ತಂದಳು. ದಿನಕ್ಕೆ ಎಂಟು ಸಲ ಹಚ್ಚುವುದು, ಒಂಬತ್ತು ಸಲ ನೀರಿಗೆ ಕೈ ಹಾಕುವುದು. ಬಿರುಕಿಗೆ ಅದು ಚುರುಗುಟ್ಟಿತೇ ಹೊರತು ವಾಸಿ ಮಾಡಲಿಲ್ಲ. ಕೊನೆಗೆ, ಹೊಸಬರು ಮಾಡಿದರೆ ಕಿವಿ ಹಿಂಡುತ್ತಿದ್ದ ತಪ್ಪನ್ನು ತಾನೇ ಮಾಡಿದಳು: ಮದ್ದೂ ಕೂರಲಿ, ಜಿಡ್ಡೂ ಕಾಣದಿರಲಿ ಎಂದು ಮುಲಾಮು, ಕ್ರೀಮು ಎರಡನ್ನೂ ಒಂದೇ ಡಬ್ಬಿಯಲ್ಲಿ ಕಲಸಿಟ್ಟಳು. ಮೂರನೆಯ ದಿನ ಮುಚ್ಚಳ ತೆರೆದರೆ ಮೇಲೆ ನೀರು ಬಿಟ್ಟುಕೊಂಡಿದೆ, ಕೆಳಗೆ ಗಂಟುಗಂಟು. ಒಂದು ವಾರ ನೀರುಪಾಲಾಗಿತ್ತು.

ಆವತ್ತು ಊಟವಾದ ಮೇಲೆ ಅವಳು ಅಂಗೈ ತುಂಬ ಮುಲಾಮು ಬಳಿದು, ಮೇಲೆ ಹತ್ತಿಯ ಕೈಗವಸು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು.

"ಇನ್ನೆರಡು ವಾರ ಅಡುಗೆ ಹೇಗೋ ಮಾಡ್ತೀನಿ. ಪಾತ್ರೆ, ಬಟ್ಟೆ, ನೆಲ ನನ್ನಿಂದಾಗಲ್ಲ."

"ಮತ್ತೆ ಯಾರು ಮಾಡ್ಬೇಕು?" ಗಂಡ ನಿಜಕ್ಕೂ ಗೊತ್ತಿಲ್ಲದವನಂತೆ ಕೇಳಿದ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳು ಸದ್ದು ಮಾಡತೊಡಗಿದವು. ಎದ್ದು ಹೋದವರು ಎಪ್ಪತ್ತೊಂದು ವರ್ಷದ ಅತ್ತೆ.

ಅಲ್ಲಿಂದ ಮನೆಯಲ್ಲಿ ಅವಳೊಡನೆ ಮಾತು ನಿಂತಿತು. ತಟ್ಟೆ ತಂದು ಕುಕ್ಕುವ ಸದ್ದಷ್ಟೇ ಅವಳ ಪಾಲಿಗೆ. ಸುಮ್ಮನೆ ಕೂತ ಎರಡು ಬಿಳಿ ಕೈಗಳು ಆ ಮನೆಗೆ ಬಂದ ನೆಂಟರ ಹಾಗೆ ತೊಡೆಯ ಮೇಲಿದ್ದವು. ಎದ್ದು ಹೋಗಿ ಅತ್ತೆಯ ಕೈಯಿಂದ ಪಾತ್ರೆ ಕಸಿದುಕೊಳ್ಳೋಣ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಮುಲಾಮಿನ ಕೋಣೆಯನ್ನು ನೆನೆದು ಹಲ್ಲು ಕಚ್ಚಿ ಕೂರುತ್ತಿದ್ದಳು.

ಗಡುವಿನ ದಿನ ಮೇಲ್ವಿಚಾರಕಿ ಅವಳ ಬೆರಳುಗಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬಿರುಕುಗಳು ಮುಚ್ಚಿದ್ದವು.

"ಹೋಗಿ ಅಕ್ಕ, ನಿಮ್ಮ ಅರಮನೆಗೆ," ಎಂದು ನಕ್ಕಳು.

ಸಂಜೆ ಮನೆಗೆ ಬಂದಾಗ ಕೈ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅತ್ತೆ ಸಿಂಕಿನ ಮುಂದೆ ನಿಂತಿದ್ದರು. ನೊರೆಯಿಂದ ಹೊರಬಂದ ಅವರ ಬೆರಳ ಸಂದಿನಲ್ಲಿ ಅದೇ ಕೆಂಪು ಗೆರೆ.

"ಅತ್ತೆ, ಯಾವಾಗಿಂದ ಇದು? ನಾಳೆ ಡಾಕ್ಟರಿಗೆ ತೋರಿಸಿ ಮುಲಾಮು ತರೋಣ."

"ಮುಲಾಮು ಬೇಡ. ಪಾತ್ರೆ ಜಾರತ್ತೆ. ಕ್ರೀಮಿದ್ರೆ ತಾ."

ಅವಳು ಹಾಲಿಗೆ ಹೋಗಿ ಟೀವಿ ಆರಿಸಿದಳು. "ನಿಮ್ಮಮ್ಮನ ಕೈ ಒಡ್ದಿದೆ. ಮುಲಾಮು ತಂದ್ರೆ ಅವ್ರು ಪಾತ್ರೆ ಮುಟ್ಟೋ ಹಾಗಿಲ್ಲ. ಯಾವ ಮದ್ದು ತರ್ಲಿ, ನೀವೇ ಹೇಳಿ."

"ನಂಗೇನು ಗೊತ್ತು? ಮದ್ದು ನಿನ್ನ ಕೆಲ್ಸ ಅಲ್ವಾ?"

"ಕ್ರೀಮು ಅಂತ ಹೇಳಿದ್ನಲ್ಲ," ಒಳಗಿನಿಂದ ಅತ್ತೆ ಕೂಗಿದರು. "ಸುಮ್ನೆ ಕೂತಿರೋನ ಜೊತೆ ಏನು ನಿಂದು?"

ಗಂಡ ಟೀವಿ ಹಾಕಿದ. ಒಳಗೆ ನಲ್ಲಿಯ ನೀರು ಬೀಳುತ್ತಲೇ ಇತ್ತು. ಅವಳು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ, ವಾಸಿಯಾದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.