ಅರ್ಧಕ್ಕೆ ನಿಲ್ಲದ ಪಂದ್ಯ

ಭಾಲ್ಕಿಯ ನಮ್ಮ ಸಣ್ಣ ಕಾಲೇಜಿಗೆ ಸರಿಯಾದ ಮೈದಾನವೇ ಇರಲಿಲ್ಲ. ಖಾಲಿ ಬಿದ್ದಿದ್ದ ತೊಗರಿ ಗೋದಾಮಿನ ಸಿಮೆಂಟು ನೆಲ ಗುಡಿಸಿ, ಚಕ್ರದ ಬೂಟು ತೊಟ್ಟು, ಕೋಲು ಹಿಡಿದು ರೋಲರ್ ಹಾಕಿ ಆಟ ಆಡುತ್ತಿದ್ದೆವು. ನಾವು ಏಳು ಜನ. ಕಲಿಸಿದವರು ಹಲಬರ್ಗಾದ ದೈಹಿಕ ಶಿಕ್ಷಣದ ಮೇಡಂ. ಅವರೂ ನಮ್ಮೊಡನೆ ಬಿದ್ದು, ಎದ್ದು ಆ ಆಟ ಕಲಿತವರೇ.

ಸಣ್ಣ ಕಾಲೇಜುಗಳ ರಾಷ್ಟ್ರಮಟ್ಟದ ಪಂದ್ಯಾವಳಿ ಬೀದರಿನಲ್ಲೇ ನಡೆದ ವರ್ಷ, ಆತಿಥೇಯ ಜಿಲ್ಲೆಯ ತಂಡವೆಂದು ನಮಗೂ ಜಾಗ ಸಿಕ್ಕಿತು. ಊಟದ ಸಾಲಿನಲ್ಲಿ ಯಾರೋ, “ಇವರು ಗೆದ್ದು ಬಂದವರಲ್ಲ, ಕರೆದಿದ್ದಕ್ಕೆ ಬಂದವರು” ಎಂದು ನಕ್ಕರು. ಮರುದಿನ ಮೊದಲ ಪಂದ್ಯ ಗೆದ್ದೆವು. ಆಮೇಲೆ ಯಾರೂ ನಗಲಿಲ್ಲ.

ಎರಡನೆಯ ಪಂದ್ಯ ಹಿಂದಿನ ವರ್ಷದ ಚಾಂಪಿಯನ್ನರ ಜತೆ. ವಿರಾಮದ ಹೊತ್ತಿಗೆ ಆರು ಗೋಲು ತಿಂದಿದ್ದೆವು. ನಮ್ಮ ಗೋಲು ಕಾಯುವವನ ಮಣಿಕಟ್ಟು ಊದಿಕೊಂಡಿತ್ತು. ವ್ಯವಸ್ಥಾಪಕರೊಬ್ಬರು ಬಂದು ಮೆಲ್ಲಗೆ ಹೇಳಿದರು: “ಮೇಡಂ, ಇಲ್ಲಿಗೇ ನಿಲ್ಲಿಸೋಣ್ರಿ. ಹುಡುಗೂರ ಮಾನ ಉಳೀತದ.”

ಮೇಡಂ ನಮ್ಮ ಮುಖ ನೋಡಿದರು. ನಾನು ಅವನ ಕಾಲುಪಟ್ಟಿ ಬಿಚ್ಚಿ ನನ್ನ ಕಾಲಿಗೆ ಕಟ್ಟಿಕೊಳ್ಳತೊಡಗಿದೆ.

“ಆಡ್ತಾರ್ರಿ. ಮಾನದ ಚಿಂತಿ ನಮಗ ಬಿಡ್ರಿ,” ಎಂದರು ಮೇಡಂ.

ನಾನು ಅದಕ್ಕೂ ಮೊದಲು ಗೋಲು ಕಾದವನಲ್ಲ. ಮೊದಲ ಚೆಂಡು ಎದೆಗೆ ಬಡಿದು ಉಸಿರು ಕಟ್ಟಿತು. ಎದ್ದು ನಿಂತೆ. ಇನ್ನೆರಡು ಗೋಲು ಬಿಟ್ಟೆ, ಉಳಿದದ್ದನ್ನು ಮೈಯೊಡ್ಡಿ ತಡೆದೆ. ಅತ್ತ ನಮ್ಮವರು ಎರಡು ಗೋಲು ಹೊಡೆದರು. ಎರಡನೆಯದಕ್ಕೆ ಎದುರಾಳಿಗಳ ಬೆಂಚಿನವರೂ ಚಪ್ಪಾಳೆ ತಟ್ಟಿದರು. ಎಂಟು–ಎರಡಕ್ಕೆ ಸೋತೆವು.

ಬಹುಮಾನದ ವೇದಿಕೆಗೆ ಕರೆದು, ಸಮಾಧಾನಕ್ಕೆಂದು ಒಂದು ಕಪ್ಪು ಕೊಡಲು ಬಂದರು. ನಮ್ಮ ನಾಯಕ ಕೈ ಮುಗಿದ. “ಬ್ಯಾಡ್ರಿ. ಗೆದ್ದಾಗ ಒಯ್ತೇವಿ.”

ಕುರಿ ಹಿಂಡನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅಪ್ಪ ಔರಾದದಿಂದ ಬಂದಿದ್ದ. ಈ ಆಟ ಅವನು ಕಂಡದ್ದು ಅದೇ ಮೊದಲು. ಹೊರಗೆ ನನ್ನ ಅಂಗಿ ಎತ್ತಿ ಎದೆಯ ಮೇಲಿನ ಕಲೆ ನೋಡಿದ.

“ನೋವಾಗ್ತದೇನು?”

“ಆಗ್ತದ.”

“ಮತ್ತ ಆಡ್ತಿ?”

“ಆಡ್ತೇನಿ.”

ಅಪ್ಪ ಅಂಗಿ ಇಳಿಸಿ ಗುಂಡಿ ಹಾಕಿದ. ಸೋಮವಾರ ನಾವು ಏಳೂ ಜನ ಮತ್ತೆ ಗೋದಾಮಿಗೆ ಹೋದೆವು. ಮುಂದಿನ ವರ್ಷ ಯಾರೂ ನಮ್ಮನ್ನು ಸುಮ್ಮನೆ ಕರೆಯಲಿಲ್ಲ. ವಲಯದ ಪಂದ್ಯಗಳನ್ನು ಗೆದ್ದು ಹೋದೆವು. ಕಪ್ಪು ಆಗಲೂ ಸಿಗಲಿಲ್ಲ. ಆದರೆ ನಿಲ್ಲಿಸೋಣವೆಂದು ಕೇಳಲು ಯಾರೂ ನಮ್ಮ ಬೆಂಚಿನ ಹತ್ತಿರ ಬರಲಿಲ್ಲ.