ನೋಡದ ದಿನದ ಸೊನ್ನೆ

ರಾಯಪುರಂನಿಂದ ಬಂದ ಪೊಟ್ಟಣ ಬಿಚ್ಚುತ್ತಿದ್ದಂತೆ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮಾಮಿಯ ಮಳೆ ಪುಸ್ತಕ! ಮನೆ ಖಾಲಿ ಮಾಡುವಾಗ ಅವರ ಮಗಳಿಗೆ ಸಿಕ್ಕಿತಂತೆ. ಖುಷಿಗೆ ನನ್ನ ಕೈಕಾಲು ನಿಲ್ಲಲಿಲ್ಲ.

ಮದುವೆಯಾಗಿ ಮಂಗಳೂರಿನಿಂದ ಈ ತಮಿಳು ಊರಿಗೆ ಬಂದ ಹೊಸತರಲ್ಲಿ ನಾವು ಬಾಡಿಗೆಗಿದ್ದದ್ದು ಆ ಮನೆಯ ಕೆಳಭಾಗದಲ್ಲಿ. ಮೇಲೆ ಮಾಮಿ. ರೈಲ್ವೆ ಕೆಲಸದಿಂದ ನಿವೃತ್ತರಾದವರು, ಕನ್ನಡದವರೇ ಆದರೂ ಬೀದಿಗೆಲ್ಲ ಮಾಮಿ. ದಿನಾ ಬೆಳಿಗ್ಗೆ ಎಂಟೂವರೆಗೆ ತಾರಸಿ ಹತ್ತಿ, ಮಳೆಮಾಪಕದ ಬಾಟಲಿಯ ನೀರನ್ನು ಅಳೆದು ಬರೆಯುತ್ತಿದ್ದರು. ಡಿಸೆಂಬರ್ ಮುಗಿಯಿತೆಂದರೆ ನಮಗಿಬ್ಬರಿಗೂ ಹಬ್ಬ. ಒಂದೊಂದು ವರ್ಷದ ಹಿಂಗಾರು ಮಳೆಯ ಮೊತ್ತವನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಡಿಮೆಯಿಂದ ಹೆಚ್ಚಿಗೆ ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದೆವು. ಎಡತುದಿಯ ಮೂರ್ನಾಲ್ಕು ಚೀಟಿಗಳೇ ಬರದ ವರ್ಷಗಳು. ಹೊಸ ಚೀಟಿ ಎಲ್ಲಿ ಕೂರುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

“ನಮ್ಮೂರ ಮಳೆ ನೋಡಿದ್ರೆ ನಿಮಗಿಲ್ಲಿ ವರ್ಷಾ ವರ್ಷಾ ಬರವೇ ಮಾಮಿ,” ಎಂದು ಒಮ್ಮೆ ಛೇಡಿಸಿದ್ದೆ.

“ಪೋಡೀ! ಈ ಊರನ್ನ ಈ ಊರಿನ ಜೊತೆನೇ ಅಳೀಬೇಕು, ಅಷ್ಟೇ, ಅವ್ವಳವುದಾನ್,” ಎಂದು ನಕ್ಕಿದ್ದರು.

ಇನ್ನೊಂದು ವಿಷಯದಲ್ಲೂ ಅವರದು ಬಲು ಕಟ್ಟುನಿಟ್ಟು. ಬಾಟಲಿ ನೋಡಿ, ನೀರಿಲ್ಲದಿದ್ದರೆ ಸೊನ್ನೆ. ನೋಡದೇ ಹೋದ ದಿನಕ್ಕೆ ಗೀಟು. ಅವರ ಪುಸ್ತಕದಲ್ಲಿ ಗೀಟೇ ಇರಲಿಲ್ಲ.

ಒಂದು ನವೆಂಬರಿನಲ್ಲಿ ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರುವಾಗ ಪುಸ್ತಕ ನನ್ನ ಕೈಗೆ ಕೊಟ್ಟರು. ನಾನೋ, ತವರಿಗೆ ಹೋಗಿ ಹತ್ತು ದಿನ ಕೂತುಬಿಟ್ಟೆ. ಬಂದು ನೋಡಿದರೆ ಬಾಟಲಿ ತುಂಬಿ ತುಳುಕುತ್ತಿತ್ತು. ಗೀಟು ಹಾಕಿದರೆ ಸಿಕ್ಕಿಬೀಳುತ್ತೇನೆ… ನೀರು ಚೆಲ್ಲಿ ಹತ್ತು ಸೊನ್ನೆ ಬರೆದೆ. ಆ ವರ್ಷ ಮಾಮಿ ಚೀಟಿ ಜೋಡಿಸಲಿಲ್ಲ. ನೆಲದ ಮೇಲೆ ಕೂರಲಾಗದು ಎಂದರು, ನಂಬಿದೆ. ಆಮೇಲೆ ನಾವು ಮನೆ ಬದಲಿಸಿದೆವು, ಸೊನ್ನೆಗಳೂ ಮರೆತುಹೋದವು.

ಮೊನ್ನೆ ಪೆರುಂಗುಡಿಯ ನಮ್ಮ ಈಗಿನ ಮನೆಯಲ್ಲಿ ಕೂತು, ಪುಸ್ತಕದ ಕೊನೆಯ ಪುಟದಲ್ಲಿದ್ದ ಎಲ್ಲ ವರ್ಷಗಳ ಮೊತ್ತವನ್ನೂ ಕಂಪ್ಯೂಟರಿಗೆ ಹಾಕಿದೆ. ಒಂದು ವರ್ಷ ಎಲ್ಲವನ್ನೂ ದಾಟಿ ಎಡತುದಿಗೆ ಹೋಗಿ ಕೂತಿತು. “ಬರ ಸಿಕ್ತು!” ಎಂದು ಕಿರುಚಿದೆ.

“ಎನ್ನಾಚ್ಚು ಅಮ್ಮಾ?” ಎನ್ನುತ್ತ ಮಗಳು ಓಡಿಬಂದಳು.

ಅವಳಿಗೆ ತೋರಿಸಲೆಂದೇ ಆ ವರ್ಷದ ಪುಟ ತೆರೆದೆ. ನನ್ನದೇ ಅಕ್ಷರದ ಹತ್ತು ಸೊನ್ನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮಾಮಿ ಬರೆದಿದ್ದರು: “ಆಸ್ಪತ್ರೆ ಕಿಟಕಿಗೆ ದಿನಾ ಮಳೆ ಹೊಡೀತಿತ್ತು. ಹುಡುಗಿ ಊರಿಗೆ ಹೋಗಿರಬೇಕು. ಕೇಳಬಾರದು.”

ತಪ್ಪಾಯಿತು ಎನ್ನೋಣವೆಂದರೆ ಮಾಮಿ ತೀರಿಕೊಂಡು ಎಷ್ಟೋ ವರ್ಷವಾಯಿತು… ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಸೊನ್ನೆ ಹೊಡೆದುಹಾಕಿದೆ. ಅವರ ಪುಸ್ತಕದಲ್ಲಿ ಈಗ ಹತ್ತು ಗೀಟುಗಳಿವೆ, ಹತ್ತೂ ನನ್ನವು.